ಮಳೆಗಾಲ ಆರಿಸುವ ಯಂತ್ರ: ತೆಕ್ಕಟ್ಟೆ ಸೀಮೆಯ ಬೋರ್ಡುಗಳ ಚರಿತ್ರೆ

ಉಡುಪಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ ತಿಂಗಳಲ್ಲಿ. ಅಲ್ಲಿಯವರೆಗೆ ವಿಳಾಸದ ಕೊನೆಗೆ 'ದಕ್ಷಿಣ ಕನ್ನಡ' ಎಂದು ಬರೆಯುತ್ತಿದ್ದ ತೆಕ್ಕಟ್ಟೆಯ ಶಾಲೆ, ಪಂಚಾಯತ್, ಅಂಗಡಿಗಳ ಬೋರ್ಡುಗಳೆಲ್ಲ ಒಂದೇ ದಿನದಲ್ಲಿ ಹಳತಾದವು. ಮುಂದೆ ಊರ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 17 ತನ್ನ ಸಂಖ್ಯೆ ಬದಲಿಸಿಕೊಂಡು 66 ಆಯಿತು. 2018ರಲ್ಲಿ ಬ್ರಹ್ಮಾವರ ಮತ್ತು ಬೈಂದೂರು ಹೊಸ ತಾಲೂಕುಗಳಾದಾಗ, ಉಡುಪಿ ತಾಲೂಕಿನಲ್ಲಿದ್ದ ಪಕ್ಕದ ಕೋಟ ಬ್ರಹ್ಮಾವರಕ್ಕೆ ಸೇರಿತು. ತೆಕ್ಕಟ್ಟೆ ಕುಂದಾಪುರದಲ್ಲೇ ಉಳಿಯಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು. ಪ್ರತಿ ಬದಲಾವಣೆಯೂ ಬೋರ್ಡು ಮಾಡುವವರಿಗೆ ಕೆಲಸ ಕೊಟ್ಟಿತು. 1997ರಲ್ಲಿ ಆ ಕೆಲಸ ಮಾಡಿದ್ದು ಹೆಚ್ಚಾಗಿ ಕುಂಚ. 2018ರಲ್ಲಿ ಹೆಚ್ಚಾಗಿ ಯಂತ್ರ. ಈ ಎರಡು ದಶಕಗಳ ನಡುವೆ ಕರಾವಳಿಯ ಒಂದು ಕಸುಬು ಬೇರು ಸಮೇತ ಕಿತ್ತು ಬೇರೆ ನೆಲದಲ್ಲಿ ಊರಿಕೊಂಡಿತು.

ಆ ಬದಲಾವಣೆಯ ಕಥೆಯಲ್ಲಿ ಇಂದಿನವರಿಗೂ ಬೇಕಾದ ಒಂದು ಪ್ರಶ್ನೆ ಇದೆ. ಇಂಥ ಊರಿನಲ್ಲಿ ಸಣ್ಣ ಬೋರ್ಡಿನ ಅಂಗಡಿ ತೆರೆಯುವ ಹುಡುಗನೋ ಹುಡುಗಿಯೋ ಮೊದಲು ಯಾವ ಯಂತ್ರ ಕೊಳ್ಳಬೇಕು? ಅಗಲದ ಪ್ರಿಂಟರ್ ಕೊಳ್ಳಬೇಕೆ, ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್ ಸಾಕೆ? ಮಾರಾಟಗಾರರ ಪಟ್ಟಿಗಿಂತ ಹೆಚ್ಚಿನ ಉತ್ತರ ಈ ನೆಲದ ಪಂಚಾಂಗದಲ್ಲಿದೆ.

ಬೋರ್ಡಿಗೂ ಮೊದಲು ಇಲ್ಲಿ ಸುದ್ದಿ ಹರಡುತ್ತಿದ್ದುದು ಸದ್ದಿನಿಂದ. ಯಕ್ಷಗಾನ ಬಯಲಾಟ ಇರುವ ಊರಿನಲ್ಲಿ ಸಂಜೆ ಹೊತ್ತಿಗೆ ಚೆಂಡೆ, ಮದ್ದಲೆ ಬಾರಿಸಿ ಇಂದು ಆಟವಿದೆ ಎಂದು ಸುತ್ತಲ ಹಳ್ಳಿಗೆ ಸಾರುತ್ತಿದ್ದರು; ಗದ್ದೆ ಬಯಲು ದಾಟಿ ಆ ದನಿ ಹೋಗುತ್ತಿತ್ತು. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಬಂದ ಮೇಲೆ ಸದ್ದೊಂದೇ ಸಾಲದಾಯಿತು. ಪ್ರಸಂಗದ ಹೆಸರು, ಭಾಗವತರು, ವೇಷಧಾರಿಗಳ ಪಟ್ಟಿ ಎಲ್ಲವನ್ನೂ ಜನ ಮೊದಲೇ ಓದಬೇಕು. ಜೀಪಿನ ಮೈಕು, ಕೈಗೆ ಹಂಚುವ ಕರಪತ್ರ, ಗೋಡೆಗೆ ಮೈದಾ ಅಂಟಿನಲ್ಲಿ ಹಚ್ಚಿದ ಪೋಸ್ಟರು ಹೀಗೆ ಬಂದವು. ಸಾಲಿಗ್ರಾಮ, ಪೆರ್ಡೂರು ಮೇಳಗಳ ಹೆಸರು ಈ ಸೀಮೆಯ ಮಕ್ಕಳಿಗೆ ಅಕ್ಷರ ಕಲಿಸಿದ್ದರಲ್ಲಿ ಆ ಗೋಡೆಗಳ ಪಾಲೂ ಇದೆ.

ಮುದ್ರಣಕ್ಕೆ ಕರಾವಳಿ ಹೊಸತಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಆ ಕಲ್ಲಚ್ಚಿನಿಂದಲೇ; ಕನ್ನಡದ ಮೊದಲ ಪತ್ರಿಕೆ ಅದು. ಇಪ್ಪತ್ತನೆಯ ಶತಮಾನದಲ್ಲಿ ಮಣಿಪಾಲ ಅಚ್ಚಿನ ದೊಡ್ಡ ಕೇಂದ್ರವಾಯಿತು, 1970ರ ಜನವರಿ 1ರಂದು 'ಉದಯವಾಣಿ' ಅಲ್ಲಿಂದ ಹೊರಟಿತು. ಆದರೆ ಅಚ್ಚಿನ ಮನೆಗೆ ಒಂದು ಮಿತಿ ಇತ್ತು. ಸಾವಿರ ಪ್ರತಿ ಬೇಕಾದವನಿಗೆ ಅದು ಅಗ್ಗ, ಒಂದೇ ಪ್ರತಿ ಬೇಕಾದವನಿಗೆ ಅಸಾಧ್ಯ. ಅಂಗಡಿಗೆ ಬೇಕಾದ್ದು ಒಂದೇ ಬೋರ್ಡು, ಅದೂ ಎಂಟಡಿ ಅಗಲದ್ದು. ಒಂದೂವರೆ ಶತಮಾನ ಕಾಲ ಆ ಎಂಟಡಿಯ ಒಂದೇ ಪ್ರತಿಯ ರಾಜ್ಯ ಕುಂಚದವರ ಕೈಯಲ್ಲಿ ಉಳಿದದ್ದು ಈ ಕಾರಣಕ್ಕೆ.

ಬೋರ್ಡ್ ಬರೆಯುವವರ ಅಂಗಡಿಗೆ ಸಾಮಾನ್ಯವಾಗಿ 'ಆರ್ಟ್ಸ್' ಎಂದು ಕೊನೆಯಾಗುವ ಹೆಸರು. ಹೆಚ್ಚಿನವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಹಿರಿಯನೊಬ್ಬನ ಬಳಿ ತಗಡು ತಿಕ್ಕುತ್ತ, ಡಬ್ಬಿ ಕಲಕುತ್ತ ವರ್ಷಗಟ್ಟಲೆ ಇದ್ದು ಕೈ ಪಳಗಿಸಿಕೊಂಡವರು. ಕೆಲಸದ ಕ್ರಮ ಹೀಗೆ: ತಗಡಿನ ಹಾಳೆಯನ್ನು ಮರದ ಚೌಕಟ್ಟಿಗೆ ಹೊಡೆದು, ತುಕ್ಕು ತಡೆಯಲು ರೆಡ್ ಆಕ್ಸೈಡ್ ಬಳಿಯಬೇಕು. ಅದು ಒಣಗಿದ ಮೇಲೆ ಹಿನ್ನೆಲೆಗೆ ಎರಡು ಕೋಟು ಎನಾಮಲ್. ಸೀಮೆಸುಣ್ಣ ಸವರಿದ ನೂಲನ್ನು ಎರಡು ತುದಿ ಹಿಡಿದು ಚಿಮ್ಮಿಸಿದರೆ ನೇರ ಗೆರೆ. ಗೆರೆಯ ಮೇಲೆ ಅಕ್ಷರದ ಅಂದಾಜು, ಆಮೇಲೆ ಕುಂಚ. ಅಕ್ಷರದ ಬಲಕ್ಕೂ ಕೆಳಕ್ಕೂ ಕಪ್ಪು ನೆರಳು ಎಳೆದರೆ ಬೋರ್ಡು ತಗಡಿನಿಂದ ಎದ್ದು ಬಂದಂತೆ ಕಾಣುತ್ತಿತ್ತು.

ಕನ್ನಡ ಬರೆಯುವುದರಲ್ಲಿ ವಿಶೇಷ ಜಾಣ್ಮೆ ಬೇಕಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ಬದಿಗೆ ದೀರ್ಘ, ಕೆಳಗೆ ಒತ್ತು. 'ಶ್ರೀ ದುರ್ಗಾಪರಮೇಶ್ವರಿ ಸ್ಟೋರ್ಸ್' ಎಂಬ ಹೆಸರನ್ನು ಎರಡಡಿ ಎತ್ತರದ ತಗಡಿನಲ್ಲಿ ಕೂರಿಸುವಾಗ ಒತ್ತಕ್ಷರಗಳಿಗೇ ಕಾಲುಭಾಗ ಜಾಗ ಹೋಗುತ್ತದೆ. ಅನುಭವಿ ಕಲಾವಿದ ಒತ್ತನ್ನು ಸ್ವಲ್ಪ ಚಪ್ಪಟೆ ಮಾಡಿ, ಮುಂದಿನ ಅಕ್ಷರದ ಅಡಿಗೆ ನೂಕಿ, ಸಾಲಿನ ಮುಖ್ಯ ಭಾಗವನ್ನು ದಪ್ಪವಾಗಿಯೇ ಉಳಿಸುತ್ತಿದ್ದ. ಆ ತೀರ್ಮಾನ ಪ್ರತಿ ಬೋರ್ಡಿಗೂ ಹೊಸತು. ಈ ಕುಶಲತೆಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಯಕ್ಷಗಾನದ ವೇಷ, ಭಾಗವತಿಕೆಗಳನ್ನು ದಾಖಲಿಸಿದಷ್ಟು ಆಸ್ಥೆಯಿಂದ ಕರಾವಳಿ ತನ್ನ ಬೋರ್ಡ್ ಬರಹಗಾರರನ್ನು ದಾಖಲಿಸಿಕೊಳ್ಳಲಿಲ್ಲ. ಅದು ನಿಜವಾದ ನಷ್ಟ.

ಅವರ ವರ್ಷಕ್ಕೆ ಒಂದು ಲಯವಿತ್ತು. ಈ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನವೆಂಬರಿನಲ್ಲಿ ಮೇಳಗಳ ತಿರುಗಾಟ ಶುರು, ಕೋಟೇಶ್ವರದಲ್ಲಿ ಕೊಡಿ ಹಬ್ಬ, ಆಮೇಲೆ ಒಂದರ ಹಿಂದೊಂದು ಜಾತ್ರೆ, ಕಂಬಳ, ಕೋಲ, ನಾಗಮಂಡಲ, ಬ್ರಹ್ಮಕಲಶ, ಮದುವೆ, ಶಾಲಾ ವಾರ್ಷಿಕೋತ್ಸವ, ಕ್ರಿಕೆಟ್ ಪಂದ್ಯಾಟ. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದಾಗ ಬೋರ್ಡಿನ ಕೆಲಸವೂ ಇಳಿಯುತ್ತಿತ್ತು. ಆದರೆ ಕುಂಚದವನಿಗೆ ಮಳೆಗಾಲದಲ್ಲೂ ಒಂದು ಆಸರೆ ಇತ್ತು. ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವ ಆ ದಿನಗಳಲ್ಲಿ ಗಂಗೊಳ್ಳಿಯ ದೋಣಿಗಳು ದಡ ಸೇರುತ್ತವೆ, ದುರಸ್ತಿ ನಡೆಯುತ್ತದೆ, ಬಣ್ಣ ಬೀಳುತ್ತದೆ, ದೋಣಿಯ ಹೆಸರು ಹೊಸದಾಗಿ ಬರೆಯಬೇಕಾಗುತ್ತದೆ. ಬಸ್ಸಿನ ಬೆನ್ನು, ಲಾರಿಯ ಹಣೆ, ಆಟೋರಿಕ್ಷಾದ ಹುಡ್ ಕೂಡ ಹಾಗೆಯೇ. ಕುಂಚ ತೊಳೆದಿಟ್ಟರೆ ಎರಡು ತಿಂಗಳು ಸುಮ್ಮನಿದ್ದರೂ ಕೆಡುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಕಸುಬಿಗೆ ಮೊದಲ ಪೆಟ್ಟು ಬಿದ್ದದ್ದು ಯಂತ್ರದಿಂದಲ್ಲ, ಕಾನೂನಿನಿಂದ. ಸಾರ್ವಜನಿಕ ಜಾಗಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಲ್ಲಿ ಬಂತು. 1990ರ ದಶಕದಲ್ಲಿ ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾದಾಗ ಗೋಡೆ ಬರಹದ ಮೇಲೆ ಕಟ್ಟುನಿಟ್ಟು ಬಂತು. ಚುನಾವಣೆಯ ಗೋಡೆ ಬರಹ ಊರೂರಿನ ಕಲಾವಿದರಿಗೆ ಐದು ವರ್ಷಕ್ಕೊಮ್ಮೆ ಬರುವ ಸುಗ್ಗಿಯಾಗಿತ್ತು. ಆ ಸುಗ್ಗಿ ತೆಳುವಾಯಿತು. ಬಟ್ಟೆ ಬ್ಯಾನರು, ಸ್ಕ್ರೀನ್ ಪ್ರಿಂಟಿಂಗ್ ಆ ತೆರಪನ್ನು ಸ್ವಲ್ಪ ತುಂಬಿದವು.

ಅಷ್ಟರಲ್ಲಿ ಅಕ್ಷರ ಕತ್ತರಿಸುವ ಯಂತ್ರ ದೂರದಲ್ಲಿ ಹುಟ್ಟಿಯಾಗಿತ್ತು. ಜೋಸೆಫ್ ಗರ್ಬರ್ 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದವನು. ಓದುವಾಗ ಪೈಜಾಮದ ಎಲಾಸ್ಟಿಕ್ ಪಟ್ಟಿಯನ್ನು ಎಳೆದು ಅಳತೆಪಟ್ಟಿಯಂತೆ ಬಳಸಿದ್ದು ಅವನ ಮೊದಲ ಉಪಕರಣಕ್ಕೆ ದಾರಿಯಾಯಿತು. ಉಡುಪು ಕಾರ್ಖಾನೆಗಳಿಗೆ ಬಟ್ಟೆ ಕತ್ತರಿಸುವ ಗಣಕಯಂತ್ರ ಕೊಟ್ಟ ಅವನ ಸಂಸ್ಥೆಯೇ 1980ರ ದಶಕದ ಮೊದಲರ್ಧದಲ್ಲಿ 'ಸೈನ್‌ಮೇಕರ್' ಎಂಬ ಯಂತ್ರ ತಂದಿತು. ಅಕ್ಷರ ಒತ್ತಿದರೆ ಅಂಟು ಬೆನ್ನಿನ ವಿನೈಲ್ ಹಾಳೆಯಲ್ಲಿ ಅದು ಕತ್ತರಿಸಿ ಬರುತ್ತಿತ್ತು. ಜಪಾನಿನ ರೋಲಾಂಡ್, ಮಿಮಾಕಿ, ಗ್ರಾಫ್ಟೆಕ್ ಸಂಸ್ಥೆಗಳು ಅದನ್ನು ಮೇಜಿನ ಮೇಲಿಡುವಷ್ಟು ಚಿಕ್ಕದು ಮಾಡಿದವು. ಇನ್ನೂ ಮುಂದೆ ಚೀನಾದ ಕಾರ್ಖಾನೆಗಳು ಅದನ್ನು ಸಣ್ಣ ಪೇಟೆಯ ಕೈಗೆಟುಕುವ ಬೆಲೆಗೆ ಇಳಿಸಿದವು.

ಕರಾವಳಿಯ ಪೇಟೆಗಳಲ್ಲಿ ಈ ಕೆಲಸಕ್ಕೆ ಬಂದ ಹೆಸರು 'ರೇಡಿಯಂ ಕಟಿಂಗ್'. ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಹಾಳೆಯಲ್ಲಿ ರೇಡಿಯಂ ಧಾತು ಎಳ್ಳಷ್ಟೂ ಇಲ್ಲ. ಇರುವುದು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಸಣ್ಣ ಗಾಜಿನ ಮಣಿಗಳು. ಮೊದಮೊದಲು ಇದನ್ನು ಕೈಯಲ್ಲೇ, ಬ್ಲೇಡು ಹಿಡಿದು ಕತ್ತರಿಸುತ್ತಿದ್ದರು. ವಾಹನದ ನಂಬರ್ ಪ್ಲೇಟು, ಬೈಕಿನ ಮೇಲಿನ ದೇವರ ಹೆಸರು, ಬಸ್ಸಿನ ಗಾಜಿನ ಮೇಲಿನ ಊರುಗಳ ಪಟ್ಟಿ ಇವೇ ಮುಖ್ಯ ಕೆಲಸ. ಬೋರ್ಡ್ ಬರೆಯುತ್ತಿದ್ದ ಹಲವರು ಕುಂಚ ಬಿಟ್ಟು ಬ್ಲೇಡು ಹಿಡಿದದ್ದು ಈ ಘಟ್ಟದಲ್ಲಿ. ಕೈಯಲ್ಲಿ ಅಕ್ಷರವಿದ್ದವರಿಗೆ ಆ ದಾಟು ಕಷ್ಟವಾಗಲಿಲ್ಲ.

ಗಣಕಯಂತ್ರಕ್ಕೆ ಕನ್ನಡ ಕಲಿಸಿದ್ದರಲ್ಲಿ ಈ ಕರಾವಳಿಯ ಪಾಲು ದೊಡ್ಡದು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ಸರ್ಕಾರ ಒಪ್ಪಿದ ಕನ್ನಡ ಕೀಲಿಮಣೆಗೆ ಆಧಾರವಾಯಿತು. ತಾವು ಬರೆದ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು 'ಸೇಡಿಯಾಪು' ಎಂದು ಕರೆದರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಡಿಟಿಪಿ ಅಂಗಡಿಗಳಲ್ಲಿ ಪುಣೆಯ 'ಶ್ರೀಲಿಪಿ' ಬೀಡುಬಿಟ್ಟಿತ್ತು. ಇವುಗಳ ಅಕ್ಷರಗಳನ್ನು ಕೋರೆಲ್ ಡ್ರಾದೊಳಗೆ ತಂದು, ಗೆರೆಯಾಗಿ ಪರಿವರ್ತಿಸಿ, ಪ್ಲಾಟರಿಗೆ ಕಳಿಸುವ ದಾರಿ ಇಂದಿಗೂ ಸಾವಿರಾರು ಅಂಗಡಿಗಳಲ್ಲಿ ಹಾಗೆಯೇ ನಡೆದಿದೆ.

ಕನ್ನಡ ಕತ್ತರಿಸುವವನು ಪ್ಲಾಟರನ್ನು ಆರಿಸುವಾಗ ಇಂಗ್ಲಿಷ್ ಕತ್ತರಿಸುವವನಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಅಗ್ಗದ ಯಂತ್ರದಲ್ಲಿ ಬ್ಲೇಡು ತನ್ನಷ್ಟಕ್ಕೆ ತಿರುಗುತ್ತ ಹಾಳೆಯ ಮೇಲೆ ಎಳೆದುಕೊಂಡು ಹೋಗುತ್ತದೆ. ಬ್ಲೇಡಿನ ಮೊನೆ ಅದರ ನಡುಗೆರೆಯಿಂದ ಮಿಲಿಮೀಟರಿನ ಕಾಲುಭಾಗದಷ್ಟು ಪಕ್ಕದಲ್ಲಿರುತ್ತದೆ. ಈ ಅಂತರವನ್ನು ಯಂತ್ರಕ್ಕೆ ಸರಿಯಾಗಿ ತಿಳಿಸದಿದ್ದರೆ ಸುತ್ತುಗಳು ಕೂಡುವ ಜಾಗದಲ್ಲಿ ಬಾಲ ಉಳಿಯುತ್ತದೆ. ಇಂಗ್ಲಿಷಿನ ನೇರ ಕಡ್ಡಿಗಳಲ್ಲಿ ಅದು ಮರೆಯಾಗಬಹುದು, 'ಠ', 'ಥ'ಗಳ ಒಳಗಿನ ಚುಕ್ಕಿಯಲ್ಲಿ, ರ-ಒತ್ತಿನ ಕೊಕ್ಕೆಯಲ್ಲಿ ಎದ್ದು ಕಾಣುತ್ತದೆ. ಕತ್ತರಿಸಿದ ಮೇಲೆ ಬೇಡದ ಹಾಳೆಯನ್ನು ಚಿಮಟದಿಂದ ಕೀಳುವಾಗ ಕನ್ನಡದ ಸಣ್ಣ ಒತ್ತುಗಳು ಜೊತೆಗೇ ಎದ್ದು ಬರುತ್ತವೆ. ಹೀಗಾಗಿ ಒಂದು ಸೆಂಟಿಮೀಟರಿಗಿಂತ ಕಿರಿದಾದ ಕನ್ನಡವನ್ನು ಕತ್ತರಿಸುವುದಕ್ಕಿಂತ ಮುದ್ರಿಸುವುದೇ ಲೇಸು.

ಮೋಟಾರಿನಲ್ಲೂ ವ್ಯತ್ಯಾಸವಿದೆ. ಸ್ಟೆಪ್ಪರ್ ಮೋಟಾರಿನ ಯಂತ್ರ ಅಗ್ಗ, ಸದ್ದು ಹೆಚ್ಚು, ಸುತ್ತಿನ ಗೆರೆಯಲ್ಲಿ ಸಣ್ಣ ಮೆಟ್ಟಿಲು ಬಿಡಬಹುದು. ಸರ್ವೋ ಮೋಟಾರಿನದು ದುಬಾರಿ, ಸುತ್ತು ನುಣುಪು. ಉದ್ದದ ಕೆಲಸದಲ್ಲಿ ಹಾಳೆ ಓರೆಯಾಗದೆ ಮೀಟರುಗಟ್ಟಲೆ ಹಿಂದೆ ಮುಂದೆ ಓಡಬೇಕಾದರೆ ಹಿಡಿಯುವ ಉರುಳೆಗಳು ಚೆನ್ನಾಗಿರಬೇಕು. ನಮ್ಮ ಲಿಪಿಯ ಮೈಯೆಲ್ಲ ಸುತ್ತು. ಆದ್ದರಿಂದ ಕನ್ನಡದ ಅಂಗಡಿ ಪ್ಲಾಟರಿನಲ್ಲಿ ಉಳಿತಾಯ ಮಾಡುವುದು ತಪ್ಪು ಜಾಗದಲ್ಲಿ ಮಾಡಿದ ಉಳಿತಾಯ.

ಶಾಯಿ ಚಿಮ್ಮುವ ಯಂತ್ರದ ಮೂಲ ಇನ್ನೂ ಹಳೆಯದು. ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಹೃದಯದ ಬಡಿತ ದಾಖಲಿಸಲು ಶಾಯಿಯ ಸಣ್ಣ ಧಾರೆಯನ್ನು ಬಳಸುವ ಉಪಕರಣ ಮಾಡಿದ್ದು 1950ರ ಆಸುಪಾಸಿನಲ್ಲಿ. ಮುಂದೆ 1958ರಲ್ಲಿ ದೇಹದೊಳಗೆ ಇರಿಸಿದ ಮೊದಲ ಪೇಸ್‌ಮೇಕರ್ ಮಾಡಿದವನೂ ಅವನೇ. 1970ರ ದಶಕದಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆ ಕಡ್ಡಿ ಶಾಯಿ ತುಂಬಿದ ಸಿರಿಂಜಿಗೆ ತಗುಲಿ, ತುದಿಯಿಂದ ಹನಿ ಚಿಮ್ಮಿದ್ದನ್ನು ಗಮನಿಸಿ ಬಬಲ್‌ಜೆಟ್ ಹುಟ್ಟಿತು. ಎಪ್ಸನ್ ಹಿಡಿದದ್ದು ಬೇರೆ ದಾರಿ: ವಿದ್ಯುತ್ ಹರಿದರೆ ಬಾಗುವ ಹರಳಿನಿಂದ ಹನಿ ತಳ್ಳುವುದು. ಶಾಯಿಯನ್ನು ಬಿಸಿ ಮಾಡಬೇಕಿಲ್ಲವಾದ್ದರಿಂದ ದ್ರಾವಕ (ಸಾಲ್ವೆಂಟ್) ಬೆರೆತ ಶಾಯಿಗೂ ಈ ದಾರಿ ಒಗ್ಗಿತು. ಬಿಸಿಲು ಮಳೆ ತಡೆಯುವ ಬ್ಯಾನರಿನ ಇಂದಿನ ಉದ್ಯಮ ಹೆಚ್ಚಾಗಿ ನಿಂತಿರುವುದು ಈ ಹರಳಿನ ಮೇಲೆ.

1990ರ ದಶಕದಲ್ಲಿ ಅಮೆರಿಕದ ವುಟೆಕ್, ಇಸ್ರೇಲಿನ ನೂರ್ ಸಂಸ್ಥೆಗಳ ಬೃಹತ್ ಯಂತ್ರಗಳು ಮಹಾನಗರದ ಹೋರ್ಡಿಂಗುಗಳಿಗೆ ಮೀಸಲಾಗಿದ್ದವು. 2000ದ ದಶಕದಲ್ಲಿ ಚೀನಾ ದೇಶದಲ್ಲಿ ಜೋಡಿಸಿದ, 3.2 ಮೀಟರು ಅಗಲದ, ಶಾಯಿ ಚಿಮ್ಮುವ ಹೆಡ್ಡುಗಳನ್ನು ಹೊರಗಿನಿಂದ ತಂದು ಕೂರಿಸಿದ ಸಾಲ್ವೆಂಟ್ ಯಂತ್ರಗಳು ಭಾರತಕ್ಕೆ ಪ್ರವಾಹದಂತೆ ಬಂದವು. ಮೊದಲು ಬೆಂಗಳೂರು, ಮಂಗಳೂರು; ನಂತರ ಜಿಲ್ಲಾ ಕೇಂದ್ರ; ಆಮೇಲೆ ತಾಲೂಕು ಪೇಟೆ. ಪಾಲಿಯೆಸ್ಟರ್ ನೂಲಿನ ಜಾಲಕ್ಕೆ ಎರಡೂ ಕಡೆ ಪಿವಿಸಿ ಲೇಪಿಸಿದ ಹಾಳೆಗೆ 'ಫ್ಲೆಕ್ಸ್' ಎಂದು ಹೆಸರಾಯಿತು. ಹತ್ತಡಿ ಅಗಲದ ಯಂತ್ರ ಅಂದರೆ ಹೆಚ್ಚಿನ ಬ್ಯಾನರುಗಳು ಒಂದೇ ತುಂಡಿನಲ್ಲಿ, ಹೊಲಿಗೆಯಿಲ್ಲದೆ ಬರುತ್ತವೆ. ಬೆಳಿಗ್ಗೆ ಕೊಟ್ಟ ಫೋಟೋ ಸಂಜೆಗೆ ರೀಪಿನ ಚೌಕಟ್ಟೇರಿ ರಸ್ತೆ ಬದಿ ನಿಂತಿತು.

ಊರ ಬದುಕು ಬೇಗನೆ ಅದರ ಒಳಗೆ ಹೊಕ್ಕಿತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಗು, ಯಕ್ಷಗಾನದ ಹರಕೆ ಸೇವೆ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲಕ್ಕೂ ಫ್ಲೆಕ್ಸ್. ಮೊದಲು ಊರಿನ ಬಡವರ ಮುಖ ದೊಡ್ಡದಾಗಿ ಎಲ್ಲೂ ಕಾಣುತ್ತಿರಲಿಲ್ಲ. ಫ್ಲೆಕ್ಸ್ ಅದನ್ನು ಕೆಲವು ನೂರು ರೂಪಾಯಿಗೆ ಸಾಧ್ಯ ಮಾಡಿತು. ಈ ಮಾತನ್ನು ಫ್ಲೆಕ್ಸ್ ವಿರೋಧಿಗಳು ಸುಲಭವಾಗಿ ಮರೆಯುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಅದೇ ಹಾಳೆ ಸೌದೆ ರಾಶಿಗೆ ಹೊದಿಕೆ, ಹಟ್ಟಿಗೆ ಮಾಡು. ಹಿಂದೆ ಮನೆಯ ಪಡುವಣ ಗೋಡೆಗೆ ಮಳೆಯ ಎರಚಲು ಹೊಡೆಯದಂತೆ ತೆಂಗಿನ ಮಡಲು ಹೆಣೆದು ಕಟ್ಟುತ್ತಿದ್ದ ತಟ್ಟಿಯ ಜಾಗದಲ್ಲಿ ಈಗ ಎಷ್ಟೋ ಮನೆಗಳಲ್ಲಿ ಹಳೆಯ ಫ್ಲೆಕ್ಸ್ ಇದೆ.

ಅಗ್ಗದ ಯಂತ್ರ ಸಾಲದಲ್ಲಿ ಸಿಕ್ಕಿದ್ದೇ ಹಲವರು ಅದಕ್ಕೆ ಕೈ ಹಾಕಿದರು. ಒಂದೇ ಪೇಟೆಯಲ್ಲಿ ಎರಡು ಮೂರು ಯಂತ್ರ ಬಂದಾಗ ಚದರ ಅಡಿಯ ದರ ಕುಸಿಯಿತು. ಕುಂಚದ ಕಾಲದಲ್ಲಿ ಗಿರಾಕಿ ಕೈಬರಹ ನೋಡಿ ಬರುತ್ತಿದ್ದ. ಯಂತ್ರದ ಕಾಲದಲ್ಲಿ ಎಲ್ಲರ ಮುದ್ರಣವೂ ಒಂದೇ ತರಹ, ಉಳಿದದ್ದು ದರದ ಪೈಪೋಟಿ. ಅಗಲದ ಯಂತ್ರ ಇದ್ದವನು ಸಾಲದ ಕಂತಿಗಾಗಿ ಎಂಥ ದರಕ್ಕೂ ಕೆಲಸ ಹಿಡಿಯಬೇಕಾಯಿತು. ಯಂತ್ರ ಕೊಳ್ಳದೆ ವಿನ್ಯಾಸ ಮಾಡಿ ಅವನಲ್ಲಿಗೆ ಕಳಿಸುತ್ತಿದ್ದವನು ಆ ಅಗ್ಗದ ದರದ ಲಾಭ ಪಡೆದ.

ಇಲ್ಲಿಗೆ ಮಳೆಗಾಲದ ಮಾತು ಬರುತ್ತದೆ. ಪ್ರಿಂಟರಿನ ಅತಿ ದುಬಾರಿ ಭಾಗ ಹೆಡ್ಡು. ಕೂದಲೆಳೆಗಿಂತ ಸಣ್ಣ ರಂಧ್ರಗಳು, ಒಂದು ಕೋನಿಕಾ 512 ಹೆಡ್ಡಿನಲ್ಲಿ 512, ಎಪ್ಸನ್ನಿನ ಐ3200ರಲ್ಲಿ 3200. ಒಳಗೆ ಇರುವುದು ಒಣಗುವುದಕ್ಕೆಂದೇ ಮಾಡಿದ ಶಾಯಿ. ಯಂತ್ರ ದಿನವೂ ಸ್ವಲ್ಪವಾದರೂ ಓಡಬೇಕು, ಬೆಳಿಗ್ಗೆ ಪರೀಕ್ಷಾ ಗೆರೆ ಮುದ್ರಿಸಿ ಯಾವ ರಂಧ್ರ ಕಟ್ಟಿದೆ ಎಂದು ನೋಡಬೇಕು, ಶುಚಿಗೊಳಿಸಲು ಶಾಯಿ ಚೆಲ್ಲಬೇಕು. ನವೆಂಬರಿನಿಂದ ಮೇವರೆಗೆ ಇದು ಕೆಲಸದ ಜೊತೆಯಲ್ಲೇ ನಡೆದುಹೋಗುತ್ತದೆ. ಜೂನ್, ಜುಲೈಗಳಲ್ಲಿ ಕೆಲಸವಿಲ್ಲದಿದ್ದರೂ ಶಾಯಿ, ಕರೆಂಟು, ಕಂತು ಮೂರೂ ಖರ್ಚಾಗುತ್ತವೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಹಳ್ಳಿಗಳಲ್ಲಿ ಹೆಡ್ಡು ಕಟ್ಟುವ ಅಪಾಯ ಇಮ್ಮಡಿ. ತೇವದ ಗಾಳಿಯಲ್ಲಿ ಮುದ್ರಣ ನಿಧಾನ ಒಣಗುತ್ತದೆ. ಸುರುಳಿ ಸುತ್ತಿಟ್ಟರೆ ಒಂದಕ್ಕೊಂದು ಅಂಟುತ್ತದೆ. ಸಮುದ್ರದ ಉಪ್ಪುಗಾಳಿ ವಿದ್ಯುತ್ ಹಲಗೆಗಳ ಮೇಲೆ, ಉಕ್ಕಿನ ಹಳಿಯ ಮೇಲೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಪ್ಲಾಟರಿಗೆ ಈ ಯಾವ ಕಾಟವೂ ಇಲ್ಲ. ಬ್ಲೇಡು ತೆಗೆದು, ಬಟ್ಟೆ ಮುಚ್ಚಿಟ್ಟರೆ ಮಳೆ ಕಳೆದ ಮೇಲೆ ಮೊದಲ ದಿನವೇ ಓಡುತ್ತದೆ. ಈ ಗುಣದಲ್ಲಿ ಅದು ಕುಂಚದ ನೇರ ವಾರಸುದಾರ.

ಹನಿಯ ಗಾತ್ರದ ಬಗ್ಗೆಯೂ ಕೊಳ್ಳುವವರು ಮೋಸ ಹೋಗುತ್ತಾರೆ. ಹನಿಯನ್ನು ಅಳೆಯುವುದು ಪಿಕೋಲೀಟರಿನಲ್ಲಿ, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. 35 ಪಿಕೋಲೀಟರಿನ ಹನಿ 4 ಪಿಕೋಲೀಟರಿನದಕ್ಕಿಂತ ಸುಮಾರು ಒಂಬತ್ತು ಪಟ್ಟು ಶಾಯಿ ಹೊತ್ತರೂ ಅದರ ಅಡ್ಡಳತೆ ಎರಡು ಪಟ್ಟು ಮಾತ್ರ. ಹೆದ್ದಾರಿಯಲ್ಲಿ ಹೋಗುವ ಬಸ್ಸಿನಿಂದ ನೋಡುವ ಹತ್ತಡಿಯ ಬ್ಯಾನರಿಗೆ ದೊಡ್ಡ ಹನಿಯೇ ಸಾಕು, ಬೇಗವೂ ಆಗುತ್ತದೆ. ಅಂಗಡಿ ಕನ್ನಡಿಯ ಮೇಲೆ ಕೈಗೆಟುಕುವ ದೂರದಲ್ಲಿ ಅಂಟಿಸುವ ಸ್ಟಿಕ್ಕರಿಗೆ, ಔಷಧಿ ಅಂಗಡಿಯ ಒಳಗಿನ ಫಲಕಕ್ಕೆ ಸಣ್ಣ ಹನಿಯ ಎಕೋ-ಸಾಲ್ವೆಂಟ್ ಬೇಕು. ಒಂದೇ ಯಂತ್ರ ಎರಡನ್ನೂ ಚೆನ್ನಾಗಿ ಮಾಡುತ್ತದೆ ಎನ್ನುವವರ ಮಾತನ್ನು ಮಾದರಿ ಮುದ್ರಣ ನೋಡದೆ ನಂಬಬಾರದು. ಸಾಲ್ವೆಂಟ್ ಶಾಯಿಯ ಘಾಟು ದಿನವಿಡೀ ಉಸಿರಾಡುವಂಥದ್ದಲ್ಲ; ಮನೆಗೆ ತಾಗಿದ ಕೋಣೆಯಲ್ಲಿ, ಮಳೆಗೆ ಕಿಟಕಿ ಮುಚ್ಚಿ ಅದನ್ನು ಓಡಿಸುವುದು ಆರೋಗ್ಯದ ಜೊತೆ ಆಡುವ ಆಟ.

ಫ್ಲೆಕ್ಸ್ ಊರೂರಿಗೆ ಹರಡಿದ ಹೊತ್ತಿಗೆ ಸರ್ಕಾರವೂ ಮಧ್ಯೆ ಬಂತು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗುಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. 2018ರ ಆಗಸ್ಟ್ ಮೊದಲ ದಿನ ಹೈಕೋರ್ಟು ಬೆಂಗಳೂರಿನ ಅಕ್ರಮ ಫ್ಲೆಕ್ಸುಗಳನ್ನು ಕೂಡಲೇ ತೆಗೆಸಿ ಎಂದು ಪಾಲಿಕೆಗೆ ಹೇಳಿತು. ನಗರದ ಬೀದಿಗಳು ರಾತ್ರಿ ಬೆಳಗಾಗುವುದರೊಳಗೆ ಬೇರೆಯಾಗಿ ಕಂಡವು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧದಲ್ಲಿ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರೂ ಇದೆ. ನಿಷೇಧಗಳ ಜಾರಿ ಊರಿಂದೂರಿಗೆ ಬೇರೆ ಬೇರೆ. ಆದರೆ ಆತಂಕಕ್ಕೆ ಕಾರಣ ನಿಜ. ಚದರ ಮೀಟರಿಗೆ 280 ಗ್ರಾಂ ತೂಗುವ ಫ್ಲೆಕ್ಸಿನಲ್ಲಿ ಹತ್ತು ಅಡಿಗೆ ಎಂಟು ಅಡಿಯ ಒಂದು ಬ್ಯಾನರ್ ಅಂದರೆ ಎರಡು ಕಿಲೋ. ನೂಲು ಮತ್ತು ಪಿವಿಸಿ ಬೆಸೆದುಕೊಂಡಿರುವುದರಿಂದ ಮರುಬಳಕೆಗೆ ಒದಗದು, ಸುಟ್ಟರೆ ವಿಷದ ಹೊಗೆ. ಮಳೆಗೆ ಕೊಚ್ಚಿ ತೋಡು ಸೇರಿದರೆ ಮುಂದಿನ ದಾರಿ ಕಡಲು. ಬಟ್ಟೆ ಬ್ಯಾನರು ಮತ್ತೆ ಕೇಳಿಬರುತ್ತಿರುವುದು ಒಳ್ಳೆಯ ಸುದ್ದಿ.

ಹಳೆಯ ರೇಡಿಯಂ ಕೆಲಸಕ್ಕೂ ಏಟು ಬಿತ್ತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ತಯಾರಕರಿಂದಲೇ ಬರುತ್ತದೆ. ಹಳೆಯ ವಾಹನಗಳಿಗೂ ಅದು ಕಡ್ಡಾಯವೆಂದು ಕರ್ನಾಟಕ 2023ರ ಆಗಸ್ಟಿನಲ್ಲಿ ಆದೇಶಿಸಿ, ನವೆಂಬರ್ 17ರ ಗಡುವು ಕೊಟ್ಟು, ಆಮೇಲೆ ಹಲವು ಬಾರಿ ಮುಂದೂಡಿತು. ಹಾಲೊಗ್ರಾಮ್ ಮತ್ತು ಲೇಸರ್ ಕೆತ್ತನೆಯ ಆ ಅಲ್ಯೂಮಿನಿಯಂ ಫಲಕವನ್ನು ಬೀದಿಯಂಗಡಿ ಮಾಡುವಂತಿಲ್ಲ. ಬ್ಲೇಡಿನವರ ದಿನನಿತ್ಯದ ಅನ್ನದ ಒಂದು ಭಾಗ ಹೀಗೆ ಹೋಯಿತು.

ಅದಕ್ಕೆ ಬದಲಾಗಿ ಬಂದದ್ದು ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್) ಹಲಗೆ ಮತ್ತು ಅಕ್ರಿಲಿಕ್ ಅಕ್ಷರ. ಹೆದ್ದಾರಿ ನಾಲ್ಕು ಪಥವಾದಾಗ ರಸ್ತೆ ಬದಿಯ ಅಂಗಡಿಗಳು ಹಿಂದೆ ಸರಿದವು, ಹೊಸ ಕಟ್ಟಡಗಳು ಎದ್ದವು. ಅವುಗಳ ಹಣೆಗೆ ತಗಡೂ ಅಲ್ಲ, ಫ್ಲೆಕ್ಸೂ ಅಲ್ಲ, ಒಳಗೆ ಎಲ್‌ಇಡಿ ಉರಿಯುವ ಎತ್ತರಿಸಿದ ಅಕ್ಷರ ಬೇಕಾಯಿತು. ಅಕ್ರಿಲಿಕ್ ಕತ್ತರಿಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಈ ಲೇಸರಿನಲ್ಲಿ ವಿನೈಲನ್ನಾಗಲಿ, ಫ್ಲೆಕ್ಸನ್ನಾಗಲಿ, ಪಿವಿಸಿಯ ಸನ್‌ಬೋರ್ಡನ್ನಾಗಲಿ ಕತ್ತರಿಸಲೇಬಾರದು: ಹೊರಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶಕ್ಕೂ ಯಂತ್ರದ ಕನ್ನಡಿಗೂ ಕುತ್ತು. ಅವಕ್ಕೆ ಬ್ಲೇಡು ಅಥವಾ ರೌಟರ್ ಇದೆ.

2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿ, ಮೇಲ್ಭಾಗದಲ್ಲಿ ಇರಬೇಕೆಂದು ಹೇಳುತ್ತದೆ. ಇದಕ್ಕೆ ಅಂಗಡಿ ಅಂಗಡಿಯಲ್ಲಿ ಬೋರ್ಡು ಬದಲಾಗಬೇಕು. ತೆಕ್ಕಟ್ಟೆಯಂಥ ಊರಿನಲ್ಲಿ ಕನ್ನಡ ಮೊದಲಿಂದಲೂ ಮೇಲೆಯೇ ಇತ್ತು. ಆದರೆ ಅಕ್ರಿಲಿಕ್ಕಿನಲ್ಲಿ ಕತ್ತರಿಸಿದ ಕನ್ನಡದ ಅಂದ ಕೆಟ್ಟಿದೆ. ಪುಸ್ತಕಕ್ಕೆಂದು ಮಾಡಿದ ಅಕ್ಷರವಿನ್ಯಾಸವನ್ನು ಎರಡಡಿಗೆ ಹಿಗ್ಗಿಸಿ, ಜಾಗ ಸಾಲದಾಗ ಅಡ್ಡಕ್ಕೆ ಅದುಮಿ ಕೂರಿಸಿದ ಬೋರ್ಡುಗಳು ಹೆದ್ದಾರಿಯುದ್ದಕ್ಕೂ ಕಾಣುತ್ತವೆ. ಒತ್ತನ್ನು ಮುಂದಿನ ಅಕ್ಷರದ ಅಡಿಗೆ ನೂಕುತ್ತಿದ್ದ ಹಳೆಯ ಕೈ ಈಗ ಮೌಸಿನ ಮೇಲೆ ಬೇಕಾಗಿದೆ. ಕೋರೆಲ್ ಡ್ರಾದಲ್ಲಿ ಒತ್ತಕ್ಷರವನ್ನು ಬಿಡಿಸಿ, ಸರಿಸಿ, ದಪ್ಪ ತಿದ್ದಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೆ ಗಿರಾಕಿ ಹಣ ಕೊಡುತ್ತಾನೆ. ಶಾಯಿ ಚೆಲ್ಲಿದ್ದಕ್ಕೆ ಕೊಡುವುದಿಲ್ಲ. 2019ರಿಂದ ಆಸಾಡಿ ಅಮಾಸಿಗೆ ಆಚರಿಸುತ್ತಿರುವ ವಿಶ್ವ ಕುಂದಾಪ್ರ ಕನ್ನಡ ದಿನದ ಬ್ಯಾನರುಗಳಲ್ಲಿ ಕುಂದಗನ್ನಡವೇ ದೊಡ್ಡಕ್ಷರದಲ್ಲಿ ನಿಂತಿದೆ. ಮಳೆಗಾಲದ ನಡುವೆ ಬರುವ ಈ ಹಬ್ಬ ಬೋರ್ಡಿನವರಿಗೂ ಒಂದು ಕೊಡುಗೆ.

ಹಾಗಾದರೆ ತೆಕ್ಕಟ್ಟೆಯಲ್ಲಿ ಇಂದು ಅಂಗಡಿ ತೆರೆಯುವವರು ಏನು ಕೊಳ್ಳಬೇಕು? ಮೊದಲು ಸರ್ವೋ ಮೋಟಾರಿನ ಎರಡಡಿಯ ಪ್ಲಾಟರ್, ಸಾಧ್ಯವಾದರೆ ನಾಲ್ಕಡಿಯದು. ಮುದ್ರಿತ ಹಾಳೆಯ ಮೂಲೆ ಗುರುತುಗಳನ್ನು ಓದಿ ಸುತ್ತ ಕತ್ತರಿಸುವ ಕಣ್ಣು ಅದರಲ್ಲಿ ಇರಲೇಬೇಕು, ಆಗ ಬೇರೆ ಕಡೆ ಮುದ್ರಿಸಿದ್ದನ್ನೂ ಇಲ್ಲಿ ಕತ್ತರಿಸಬಹುದು. ಜೊತೆಗೆ ಒಳ್ಳೆಯ ಕಂಪ್ಯೂಟರ್, ಯುಪಿಎಸ್, ಪರವಾನಗಿ ಇರುವ ತಂತ್ರಾಂಶ, ನಾಲ್ಕೈದು ಒಳ್ಳೆಯ ಕನ್ನಡ ಅಕ್ಷರವಿನ್ಯಾಸ. ಫ್ಲೆಕ್ಸ್, ಬಟ್ಟೆ, ಸ್ಟಿಕ್ಕರುಗಳ ಮುದ್ರಣಕ್ಕೆ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಕುಂದಾಪುರವಿದೆ, ಇನ್ನೂ ದೂರ ಹೋದರೆ ಉಡುಪಿ. ಅಲ್ಲಿನ ಯಂತ್ರಗಳಿಗೆ ಕೆಲಸ ಬೇಕಾಗಿದೆ. ಹೊರಗೆ ಕೊಟ್ಟ ಮುದ್ರಣದ ಲೆಕ್ಕವನ್ನು ಒಂದು ಪೂರ್ತಿ ವರ್ಷ, ಮಳೆಗಾಲವೂ ಸೇರಿದಂತೆ, ತಿಂಗಳವಾರು ಬರೆದಿಡಬೇಕು. ಜುಲೈ ತಿಂಗಳ ಮುದ್ರಣದ ಖರ್ಚೊಂದೇ ಯಂತ್ರದ ಆ ತಿಂಗಳ ಕಂತನ್ನು ಮೀರಿದರೆ ಆಗ ಆರಡಿಯ ಎಕೋ-ಸಾಲ್ವೆಂಟ್ ಪ್ರಿಂಟರನ್ನು ಯೋಚಿಸಬಹುದು; ಹತ್ತಡಿಯ ಸಾಲ್ವೆಂಟ್ ಯಂತ್ರವನ್ನು ಈ ಗಾತ್ರದ ಊರಿನಲ್ಲಿ ಕೊಳ್ಳದಿರುವುದೇ ಸರಿ.